ಕಲ್ಲಪ್ಪನಿಗೊಂದು ಇಳಿಜಾರು

ಎರಡನೇ ಶನಿವಾರ, ಆಫೀಸಿಗೆ ರಜೆ. ಬೆಳಗ್ಗೆ ಕೊಟ್ಟೂರೇಶ್ ಅರ್ಧ ಗಡ್ಡ ಕೆರೆದುಕೊಂಡು, ಉಳಿದರ್ಧಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದಾಗ ಪಕ್ಕದ ಮನೆಯ ಮಲ್ಲೇಶಪ್ಪನವರ ತಲೆ ಕಾಂಪೌಂಡಿನ ಮೇಲೆ ಕಾಣಿಸಿತು.

"ಕೊಟ್ಟೂರೇಶಪ್ಪಾ, ನಿಮಗೆ ಫೋನು. ಹರಿಹರದಿಂದ ಓನರ್ರು. ದನಿ ಯಾಕೋ ಬಿಸಿ ಐತೆ, ಲಗೂನ ಬರ್ರಿ."

ಮಲ್ಲೇಶಪ್ಪನವರು ನಿವೃತ್ತ ಹೆಡ್‌ಮಾಸ್ಟರು. ನಿಜಲಿಂಗಪ್ಪ ಬಡಾವಣೆಯ ಆ ಸಾಲಿನಲ್ಲಿ ಫೋನಿದ್ದದ್ದು ಅವರ ಮನೆಯಲ್ಲಿ ಮಾತ್ರ. ಯಾರಿಗೆ ಫೋನು ಬಂದರೂ ಬೇಸರವಿಲ್ಲದೆ ಕರೆದು ಕೊಡುತ್ತಿದ್ದರು. ಆದರೆ ಮಾತು ಮುಗಿಯುವ ತನಕ ಪಕ್ಕದಲ್ಲೇ ನಿಂತು ಫೋನಿನ ಟೇಬಲ್ಲು ಒರೆಸುತ್ತಿದ್ದರು. ಅಷ್ಟು ಸ್ವಚ್ಛವಾದ ಟೇಬಲ್ಲು ಇಡೀ ದಾವಣಗೆರೆಯಲ್ಲಿ ಇನ್ನೊಂದಿರಲಿಲ್ಲ.

ಕೊಟ್ಟೂರೇಶ್ ಸೋಪಿನ ಕೆನ್ನೆಗೆ ತಾಗದ ಹಾಗೆ ರಿಸೀವರನ್ನು ಇನ್ನೊಂದು ಕಿವಿಗಿಟ್ಟು "ನಮಸ್ಕಾರ ಸಾವ್ಕಾರ್ರೇ" ಎಂದ.

"ನಮಸ್ಕಾರ ಇರ್ಲಿ. ಮನ್ಯಾಗೆ ಆಮೆ ಸಾಕೀರಂತೆ?" ಮನೆ ಮಾಲೀಕ ಬಕ್ಕೇಶಪ್ಪ ಹರಿಹರದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟವರು. ಅವರ ಮಾತೂ ಅದೇ ಸರಕಿನಿಂದ ಆದದ್ದು.

"ಸಣ್ಣದು ಸಾವ್ಕಾರ್ರೇ."

"ಸಣ್ಣದೋ ದೊಡ್ಡದೋ, ನನ್ನ ರೆಡ್ ಆಕ್ಸೈಡ್ ನೆಲದ ಮ್ಯಾಲೆ ಗೀರು ಬಿದ್ದಾವಂತೆ. ರೌಂಡ್ ರೌಂಡಾಗಿ. ಆ ನೆಲಕ್ಕೆ ಆರು ಸಲ ಪಾಲಿಶ್ ಹಾಕ್ಸೀನಿ ನಾನು. ಅದೂ ಕುಂಟ ಆಮೆ ಅಂತೆ, ಮನಿಗೆ ಒಳ್ಳೇದೇನ್ರಿ ಅದು? ಸಂಜಿ ಐದಕ್ಕೆ ಬರ್ತಾ ಇದೀನಿ. ಅಷ್ಟೊತ್ತಿಗೆ ಅದು ಇರಬಾರ್ದು. ಅದು ಇದ್ರೆ ನೀವು ಇರಬಾರ್ದು."

ಫೋನು ಕಟ್ಟಾಯಿತು. ಮಲ್ಲೇಶಪ್ಪನವರು ಟೇಬಲ್ಲಿನ ನಾಲ್ಕನೇ ಕಾಲು ಒರೆಸುತ್ತ, "ಇಂಥದ್ದನ್ನೆಲ್ಲ ಓನರಿಗೆ ಯಾರು ಮುಟ್ಟಿಸ್ತಾರೋ ಏನೋ! ಹೋದ ವಾರ ಅವರು ಬಾಡಿಗೆ ವಿಷ್ಯಕ್ಕೆ ಫೋನ್ ಮಾಡಿದಾಗ ನಾನಂತೂ ಬರೀ ಆಮೆ ಆರೋಗ್ಯದ ಬಗ್ಗೆ ಮಾತಾಡ್ದೆ" ಎಂದರು.

ಆಮೆಯ ಹೆಸರು ಕಲ್ಲಪ್ಪ. ಮೂರು ತಿಂಗಳ ಹಿಂದೆ ಆವರಗೆರೆ ಕಡೆ ಸೈಟು ನೋಡಲು ಸೈಕಲ್ಲಿನಲ್ಲಿ ಹೋಗಿದ್ದ ಕೊಟ್ಟೂರೇಶ್‌ಗೆ ಸೈಟು ಎಟುಕಲಿಲ್ಲ. ಟ್ರ್ಯಾಕ್ಟರಿಗೆ ಸಿಕ್ಕು ಎಡ ಮುಂಗಾಲು ಕಳೆದುಕೊಂಡಿದ್ದ ನೆಲದ ಆಮೆಯೊಂದು ದಾರಿಯ ಬದಿಯಲ್ಲಿ ಸಿಕ್ಕಿತು. ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡು, ಕುಲುಕಬಾರದೆಂದು ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಬಂದ. ದನದ ಡಾಕ್ಟರು ಗಾಯಕ್ಕೆ ಮದ್ದು ಹಾಕಿ ಗುಣಪಡಿಸಿದರು. ಗುಣವಾದ ಮೇಲೆ ಬಿಟ್ಟು ಬರೋಣ ಎಂದರೆ ಮೂರು ಕಾಲಿನ ಆಮೆ ಬಯಲಿನಲ್ಲಿ ಬದುಕುವುದಿಲ್ಲ ಎಂದೂ ಅವರೇ ಹೇಳಿದರು.

ಕೊಟ್ಟೂರೇಶ್‌ಗೂ ಬಿಡಲು ಮನಸ್ಸಿರಲಿಲ್ಲ. ಕಟ್ಟಡದ ನಕ್ಷೆ ತೆಗೆಯುವ ಸರ್ಕಾರಿ ಕಚೇರಿಯಲ್ಲಿ ಅವನದು ಹದಿನೈದು ವರ್ಷದ ಸರ್ವಿಸು. ಸೇತುವೆ, ಶಾಲೆ, ಆಸ್ಪತ್ರೆ ಎಲ್ಲವನ್ನೂ ಕಾಗದದ ಮೇಲೆ ಎಳೆದಿದ್ದ. ಕೈಯಾರೆ ಒಂದು ಮೊಳೆ ಹೊಡೆದವನಲ್ಲ. ಒಂದು ಗೆರೆ ಎಳೆಯಲು ಮೂರು ಸಲ ಪೆನ್ಸಿಲು ಚೂಪು ಮಾಡುತ್ತಿದ್ದ ಅವನನ್ನು ಸಹೋದ್ಯೋಗಿಗಳು ಆಮೆ ಎಂದೇ ಕರೆಯುತ್ತಿದ್ದರು. ತನಗಿಂತ ನಿಧಾನದ ಜೀವವೊಂದು ಮನೆಯಲ್ಲಿರುವುದು ಅವನಿಗೆ ದೊಡ್ಡ ಸಮಾಧಾನವಾಗಿತ್ತು.

ತೊಂದರೆ ಇದ್ದದ್ದು ಕಲ್ಲಪ್ಪನ ನಡಿಗೆಯಲ್ಲಿ. ನುಣುಪು ನೆಲದ ಮೇಲೆ ನೇರಕ್ಕೆ ಹೊರಟರೆ ಅವನು ಎಡಕ್ಕೆ ವಾಲುತ್ತಿದ್ದ. ಕಾಲಿಲ್ಲದ ಕಡೆಯ ಚಿಪ್ಪಿನ ಅಂಚು ನೆಲಕ್ಕೆ ತಾಗಿ, ಕೈವಾರ ಹಿಡಿದು ಎಳೆದಂತೆ ಒಂದು ವೃತ್ತ ಮೂಡುತ್ತಿತ್ತು. ತಾನು ಇಡೀ ಸರ್ವಿಸಿನಲ್ಲಿ ಅಷ್ಟು ದುಂಡಗೆ ಎಳೆದಿಲ್ಲ ಎಂದು ಕೊಟ್ಟೂರೇಶ್ ಒಳಗೊಳಗೇ ಒಪ್ಪಿಕೊಂಡಿದ್ದ. ಮೂಲೆಗೆ ಸಿಕ್ಕರೆ ಕಲ್ಲಪ್ಪ ಹಿಂದೆ ಬರಲಾರ. ಮೆಟ್ಟಿಲ ಅಂಚಿಗೆ ಬಂದರೆ ಉರುಳಿ ಬೆನ್ನ ಮೇಲೆ ಬೀಳುತ್ತಿದ್ದ. ಯಾರಾದರೂ ಎತ್ತಿ ನಿಲ್ಲಿಸುವ ತನಕ ಆಕಾಶ ನೋಡುತ್ತಿದ್ದ.

ಮನೆಗೆ ಬಂದು ಸುದ್ದಿ ಹೇಳಿದಾಗ ಹೆಂಡತಿ ಮೀನಾಕ್ಷಿ ಲಟ್ಟಣಿಗೆ ಕೆಳಗಿಟ್ಟಳು.

"ಈ ಮನಿ ಹುಡುಕೋಕೆ ಎಂಟು ತಿಂಗ್ಳು ನಿಮ್ಮ ಸೈಕಲ್ ಹಿಂದೆ ಕುಂತು ಊರೆಲ್ಲ ತಿರುಗೀನಿ. ದಿನಾ ನಲ್ಲಿ ನೀರು ಬರೋ ಮನಿ ಇದು. ಇದನ್ನ ಬಿಟ್ಟು ನಾನು ಎಲ್ಲಿಗೂ ಬರಾಕಿಲ್ಲ, ಹೇಳೀನಿ."

"ಹಂಗಾದ್ರೆ ಕಲ್ಲಪ್ಪ?"

"ಹರಿಹರದ ಹೊಳಿಗೆ ಬಿಟ್ಟು ಬರ್ರಿ. ಪುಣ್ಯಾನೂ ಬರ್ತದೆ. ಎಲ್ರೂ ಅಲ್ಲೇ ಬಿಡ್ತಾರೆ."

"ಅದು ನೆಲದ ಆಮೆ ಕಣೇ. ಈಜು ಬರಲ್ಲ. ಮೊನ್ನೆ ಬಚ್ಚಲದಾಗೆ ಒಂದು ಗೇಣು ನೀರಾಗೇ ಮುಳುಗ್ತಿತ್ತು, ನೀನೇ ಕೂಗಿಕೊಂಡು ಎತ್ತಿದ್ದು ಮರೆತ್ಯಾ?"

ಮೀನಾಕ್ಷಿ ಲಟ್ಟಣಿಗೆ ಮತ್ತೆ ಕೈಗೆತ್ತಿಕೊಂಡಳು. ಅವಳು ಮರೆತಿರಲಿಲ್ಲ. ದಿನಾ ಬೆಳಗ್ಗೆ ಸೌತೆಕಾಯಿ ತೆಳ್ಳಗೆ ಹೆಚ್ಚಿ ಕಲ್ಲಪ್ಪನ ಬಾಯಿಯ ಹತ್ತಿರ ಹಿಡಿಯುತ್ತಿದ್ದವಳೂ ಅವಳೇ.

"ಸಾವ್ಕಾರರ ತಕರಾರು ನೆಲ ಗೀರೋದಲ್ವಾ? ಗೀರದಂಗೆ ಅದಕ್ಕೊಂದು ಸರಿಯಾದ ಜಾಗ ಮಾಡಿಬಿಟ್ರೆ ಅವರು ಏನಂತಾರೆ?" ಎಂದ ಕೊಟ್ಟೂರೇಶ್. ಜಾಗ ಹೇಗಿರಬೇಕೆಂದು ದನದ ಡಾಕ್ಟರು ಎರಡು ತಿಂಗಳ ಹಿಂದೆಯೇ ಚೀಟಿ ಬರೆದು ಕೊಟ್ಟಿದ್ದರು: ನೆಲ ಒರಟಾಗಿರಬೇಕು, ಮೂಲೆ ಇರಬಾರದು, ನೀರಿನ ತಟ್ಟೆ ಆಳ ಇರಬಾರದು, ಬಿಸಿಲೂ ಬೇಕು ನೆರಳೂ ಬೇಕು, ಮೆಟ್ಟಿಲ ಬದಲು ಇಳಿಜಾರು ಇರಬೇಕು. ಕೊಟ್ಟೂರೇಶ್ ಅದನ್ನು ಡೈರಿಯಲ್ಲಿಟ್ಟು, ನಾಳೆ ಮಾಡಿದರಾಯಿತು ಎಂದು ಅರವತ್ತು ನಾಳೆಗಳನ್ನು ಕಳೆದಿದ್ದ. ಈಗ ಉಳಿದದ್ದು ಒಂಬತ್ತು ಗಂಟೆ.

ಆ ಒಂಬತ್ತರಲ್ಲಿ ಎರಡೂವರೆ ಗಂಟೆಯನ್ನು ಅವನು ನಕ್ಷೆಗೆ ಖರ್ಚು ಮಾಡಿದ. ತಳವಿನ್ಯಾಸ, ಮುಂದಿನ ನೋಟ, ಅಡ್ಡಸೀಳು, ಬಾಣದ ಗುರುತು ಹಾಕಿ ಉತ್ತರ ದಿಕ್ಕು. ಕೆಳಗಿನ ಚೌಕದಲ್ಲಿ "ಕುಂಟ ಆಮೆಯ ವಸತಿ ಗೃಹ" ಎಂದು ಮುದ್ದಾಗಿ ಬರೆದು, ಅಭ್ಯಾಸಬಲದಿಂದ ಮೇಲಧಿಕಾರಿಯ ಸಹಿಗೂ ಜಾಗ ಬಿಟ್ಟ.

ಮೀನಾಕ್ಷಿ ಇಣುಕಿ ನೋಡಿ, "ಎಲ್ರಿ, ಮನಿ?" ಎಂದಳು.

"ಇದೇ."

"ಇದು ಹಾಳಿ."

ಅಷ್ಟರಲ್ಲಿ ಮಲ್ಲೇಶಪ್ಪನವರು ಒಳಗೇ ಬಂದರು. ನಕ್ಷೆಯ ಪ್ರಕಾರ ಮನೆಯ ಪಕ್ಕದ ಓಣಿಯಲ್ಲಿ ಐದಡಿ ಉದ್ದ, ಮೂರಡಿ ಅಗಲದ ಒಂದು ಗೂಡು. ನಿವೃತ್ತರಾದ ಮೇಲೆ ವಾಸ್ತು ಹಿಡಿದುಕೊಂಡಿದ್ದ ಮಲ್ಲೇಶಪ್ಪನವರು ಬಾಣದ ಗುರುತು ನೋಡಿ ಎದೆ ಹಿಡಿದುಕೊಂಡರು.

"ನೈರುತ್ಯದಾಗೆ ಅಡ್ಡಾಡೋ ಪ್ರಾಣಿ ಇಡ್ತಾರೇನ್ರಿ? ಮನಿ ಯಜಮಾನ ಜಾಗ ಬಿಟ್ಟು ಹೋಗ್ಬೇಕಾಗ್ತದೆ. ಈಶಾನ್ಯಕ್ಕೆ ಮಾಡ್ರಿ, ಈಶಾನ್ಯಕ್ಕೆ."

ಈಶಾನ್ಯದಲ್ಲಿದ್ದದ್ದು ಮನೆಯ ಮುಂಬಾಗಿಲು, ಅದರ ಮುಂದಿನ ಪಡಸಾಲೆ, ಮೂರು ಮೆಟ್ಟಿಲು, ಅಂಗಳ. ಅಲ್ಲದೆ ಪಡಸಾಲೆಯಲ್ಲಿ ನೆರಳಿತ್ತು, ಅಂಗಳದಲ್ಲಿ ಬಿಸಿಲಿತ್ತು; ಡಾಕ್ಟರ ಚೀಟಿಗೂ ಅದೇ ಹೊಂದುತ್ತಿತ್ತು. ಕೊಟ್ಟೂರೇಶ್ ರಬ್ಬರು ತೆಗೆದುಕೊಂಡು ಎರಡೂವರೆ ಗಂಟೆಯ ಕೆಲಸವನ್ನು ಎರಡು ನಿಮಿಷದಲ್ಲಿ ಅಳಿಸಿದ. ಈಗ ಪಡಸಾಲೆಯಿಂದ ಅಂಗಳಕ್ಕೆ ಇಳಿಜಾರು ಬೇಕಾಯಿತು. ಇಳಿಜಾರಿನ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಒಂದೇ ಲೆಕ್ಕ, ಆಸ್ಪತ್ರೆಯ ನಕ್ಷೆಗೆ ಹಾಕುವ ಲೆಕ್ಕ: ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ.

ಎದುರು ಸಾಲಿನಲ್ಲಿ ವೆಲ್ಡಿಂಗ್ ಶಾಪು ಇಟ್ಟಿದ್ದ ದುರುಗಣ್ಣನನ್ನು ಕರೆದದ್ದು ಮೀನಾಕ್ಷಿ. ಗಂಡನ ಕೈಯಲ್ಲಿ ಸುತ್ತಿಗೆ ಕೊಟ್ಟರೆ ಮೊದಲು ಮುರಿಯುವುದು ಅವನ ಹೆಬ್ಬೆಟ್ಟು ಎಂದು ಅವಳಿಗೆ ತಿಳಿದಿತ್ತು. ದುರುಗಣ್ಣ ಬಂದು ಮೆಟ್ಟಿಲು ಅಳೆದ.

"ಒಂದೂವರೆ ಅಡಿ ಎತ್ತರ ಐತೆ ಕೊಟ್ರೇಶಣ್ಣ. ಇಳಿಜಾರು ಎಷ್ಟು ಉದ್ದ ಬೇಕು? ನಾಕಡಿ?"

"ಹದಿನೆಂಟಡಿ."

"ಆಮೆಗಾ? ಇವತ್ತು ಇಳಿಯೋಕೆ ಶುರು ಮಾಡಿದ್ರೆ ಅದು ಕೆಳಗೆ ಬರೋದು ಯುಗಾದಿಗೆ!"

"ರೂಲು ದುರುಗಣ್ಣ. ಆಸ್ಪತ್ರೆಗೆ ನಾವು ಹಿಂಗೇ ಹಾಕೋದು."

ಅಂಗಳ ಇದ್ದದ್ದು ಹತ್ತಡಿ. ಆದ್ದರಿಂದ ಒಂಬತ್ತು ಅಡಿ ಹೋಗಿ, ತಿರುಗಿ, ಮತ್ತೆ ಒಂಬತ್ತು ಅಡಿ ಬರುವ ಇಳಿಜಾರು. ನಡುವೆ ದಣಿವಾರಿಸಿಕೊಳ್ಳಲು ಒಂದು ಸಮತಟ್ಟು ಜಾಗ. ಆಮೆಗೆ ಒಂದಡಿ ಅಗಲ ಸಾಕಿತ್ತು. ಆದರೆ ದುರುಗಣ್ಣ ತಂದ ಸೆಂಟ್ರಿಂಗ್ ಹಲಗೆಗಳು ಮೂರಡಿ ಅಗಲದವು, ಅವನ್ನು ಕೊಯ್ಯಲು ಅವನಿಗೆ ಮನಸ್ಸಿಲ್ಲ. ಕೆಳಗೆ ಆಂಗಲ್ ಕಬ್ಬಿಣ ಕೊಟ್ಟು, ಬೋಲ್ಟು ಬಿಗಿದು, ಮೇಲೆ ಹತ್ತಿ ಕುಣಿದು ತೋರಿಸಿದ. "ಎತ್ತಿನ ಗಾಡಿ ಹತ್ತಿಸ್ರಿ, ಅಲುಗಿದ್ರೆ ನನ್ನ ಹೆಸ್ರು ಬದ್ಲಾಯಿಸ್ತೀನಿ." ಕಾಲು ಜಾರಬಾರದೆಂದು ಮೀನಾಕ್ಷಿ ಹಲಗೆಗಳ ಮೇಲೆ ಹಳೆಯ ನಾರಿನ ಹಗ್ಗವನ್ನು ಗೇಣಿಗೊಂದರಂತೆ ಅಡ್ಡಡ್ಡ ಕಟ್ಟಿದಳು.

"ಮಗ್ಗುಲಿಗೆ ಬಿದ್ರೆ?" ಎಂದರು ಮಲ್ಲೇಶಪ್ಪನವರು.

ದುರುಗಣ್ಣನ ಅಂಗಡಿಯಲ್ಲಿ ಯಾರೋ ಮಾಡಿಸಿ ಒಯ್ಯದೆ ಬಿಟ್ಟಿದ್ದ ಪೈಪಿನ ಕಟಾಂಜನವಿತ್ತು. ಆಮೆಯ ಸೊಂಟ ಎಲ್ಲಿರುತ್ತದೆಂದು ಯಾರಿಗೂ ಗೊತ್ತಿಲ್ಲದ ಕಾರಣ ಅದನ್ನು ಮಲ್ಲೇಶಪ್ಪನವರ ಸೊಂಟದ ಮಟ್ಟಕ್ಕೇ ನಿಲ್ಲಿಸಲಾಯಿತು. ಕಲ್ಲಪ್ಪನ ಸಲುವಾಗಿ ಕೆಳಗೆ ಒಂದು ಗೇಣು ಎತ್ತರದ ಜಾಲರಿ ಬಂತು. ಪಡಸಾಲೆ, ನಡುಮನೆ ಎರಡರಲ್ಲೂ ನೆಲ ಕಾಣದಂತೆ ತೆಂಗಿನ ನಾರಿನ ಚಾಪೆ ಹಾಸಿ, ಮೂಲೆಗಳಿಗೆ ಗೋಣಿಚೀಲ ಸುತ್ತಿಟ್ಟು ದುಂಡಗೆ ಮಾಡಿದರು. ರಾತ್ರಿ ಚಳಿಗೆ ಕಲ್ಲಪ್ಪ ಒಳಗೆ ಬರಬೇಕಲ್ಲ. ಆದ್ದರಿಂದ ಹೊಸ್ತಿಲಿನ ಆಚೆ ಈಚೆ ಎರಡು ಓರೆ ಹಲಗೆ. ಹೊಸ್ತಿಲನ್ನು ಮುಟ್ಟದೆ ದಾಟಬೇಕೆಂದು ಮಲ್ಲೇಶಪ್ಪನವರು ಹೇಳಿ, ಅದಕ್ಕೂ ಒಂದು ಬೆರಳಿನ ಸಂದು ಬಿಡಿಸಿದರು. ಎರಡು ಗಂಟೆಯ ಹೊತ್ತಿಗೆ ಗೂಡು ಎನ್ನುವ ಮಾತನ್ನು ಎಲ್ಲರೂ ಮರೆತಿದ್ದರು. ಅರ್ಧ ಮನೆ ಕಲ್ಲಪ್ಪನದಾಗಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಕೊಟ್ಟೂರೇಶನ ಕಾಲಾದರೂ ಉಳಿಯುತ್ತಿತ್ತು. ಆದರೆ ದುರುಗಣ್ಣ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ತಿನ್ನುತ್ತ ಕಲ್ಲಪ್ಪನನ್ನೇ ದಿಟ್ಟಿಸುತ್ತಿದ್ದ.

"ಮನಿ ರಿಪೇರಿ ಮಾಡಿದ್ವಿ. ಗಾಡಿನೂ ರಿಪೇರಿ ಮಾಡಿಬಿಡಾಣ."

ಯಾರೂ ಬೇಡ ಎನ್ನುವ ಮೊದಲೇ ಅವನು ಅಂಗಡಿಯಿಂದ ಆಫೀಸು ಕುರ್ಚಿಯ ಪುಟ್ಟ ಚಕ್ರವೊಂದನ್ನು ತಂದು, ಸ್ಕೂಟರ್ ಟ್ಯೂಬಿನ ಪಟ್ಟಿಯಿಂದ ಕಾಲಿಲ್ಲದ ಕಡೆ ಚಿಪ್ಪಿಗೆ ಬಿಗಿದ. ಕಲ್ಲಪ್ಪ ಒಂದು ಹೆಜ್ಜೆ ಇಟ್ಟ. ಎಡಕ್ಕೆ ವಾಲಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟ. ಮೂರು ತಿಂಗಳ ನಂತರ ಮೊದಲ ಸಲ ನೆಟ್ಟಗೆ ಮುಂದೆ ಹೋದ. ಕೊಟ್ಟೂರೇಶ್ ಕೂತಲ್ಲಿಂದ ಎದ್ದುಬಿಟ್ಟ. "ನೋಡೇ, ನಡೀತಾನೆ!" ಎಂದು ಹೆಂಡತಿಯನ್ನು ಕೂಗಿದ.

ನಡೆಯುತ್ತಿದ್ದವನು ಇಳಿಜಾರಿನ ತಲೆಗೆ ಬಂದ. ಅಲ್ಲಿಂದ ಮುಂದೆ ಅವನು ನಡೆಯಲಿಲ್ಲ, ಹೋದ. ಹಗ್ಗದ ಮೇಲೆ ಟಕ ಟಕ ಟಕ ಎಂದು ಒಂಬತ್ತು ಅಡಿ ಇಳಿದು, ಸಮತಟ್ಟಿನಲ್ಲಿ ಜಾಲರಿಗೆ ಬಡಿದು ತಾನಾಗಿಯೇ ತಿರುಗಿ, ಇನ್ನೊಂದು ಒಂಬತ್ತು ಅಡಿ ಇಳಿದು, ತೆರೆದಿದ್ದ ಗೇಟಿನಿಂದ ಇಳಿಮುಖದ ರಸ್ತೆಗೆ ಬಿದ್ದ. ದಣಿವಾರಿಸಿಕೊಳ್ಳಲೆಂದು ಮಾಡಿದ್ದ ಜಾಗದಲ್ಲಿ ಅವನು ಒಂದು ಕ್ಷಣವೂ ನಿಲ್ಲಲಿಲ್ಲ.

"ಹಿಡೀರಿ! ಹಿಡೀರಿ!" ಎಂದು ಕೊಟ್ಟೂರೇಶ್ ಓಡಿದ. ಅರ್ಧ ಗಡ್ಡ ಕೆರೆದ ಗೃಹಸ್ಥನೊಬ್ಬ ಲುಂಗಿ ಎತ್ತಿಕೊಂಡು ಆಮೆಯ ಹಿಂದೆ ಓಡುವುದನ್ನೂ, ಆಮೆಯೇ ಮುಂದಿರುವುದನ್ನೂ ಬಡಾವಣೆಯ ಜನ ಬಾಗಿಲಿಗೆ ಬಂದು ನೋಡಿದರು. ಮೊಲದ ಕತೆ ಹೇಳಿದವನು ಇದನ್ನು ನೋಡಿದ್ದರೆ ಏನೆನ್ನುತ್ತಿದ್ದನೋ ಎಂದು ಓಡುತ್ತಲೇ ಅವನಿಗೆ ಅನಿಸಿತು. ಆ ಯೋಚನೆಯಲ್ಲೇ ಚರಂಡಿಯ ಚಪ್ಪಡಿ ಇಲ್ಲದ ಕಡೆ ಕಾಲಿಟ್ಟ.

ಎಡಗಾಲಿನ ಹರಡಿನ ಕೀಲು ಉಳುಕಿತು. ಕಲ್ಲಪ್ಪ ಮಲ್ಲೇಶಪ್ಪನವರ ಕಾಂಪೌಂಡಿನೊಳಗೆ ಸಿಕ್ಕಿದ. ಪೂಜೆಗೆಂದು ಬೆಳೆಸಿದ್ದ ಸೇವಂತಿಗೆಯಲ್ಲಿ ಎರಡು ಹೂ ಮುಗಿಸಿ ಮೂರನೆಯದಕ್ಕೆ ಬಾಯಿ ಹಾಕಿದ್ದ. ಚಕ್ರ ಬಿಚ್ಚಿ ದುರುಗಣ್ಣನ ಕೈಗೆ ಕೊಟ್ಟರು. ಗಂಡ, ಆಮೆ ಇಬ್ಬರನ್ನೂ ನಡೆಸಿಕೊಂಡು ಬರುವಾಗ ಮೀನಾಕ್ಷಿಗೆ ಯಾರು ಹೆಚ್ಚು ಎಡಕ್ಕೆ ವಾಲುತ್ತಾರೆಂದು ಗೊತ್ತಾಗಲಿಲ್ಲ.

ನಾಲ್ಕೂ ಮುಕ್ಕಾಲಾಯಿತು. ಎಲ್ಲಾ ಸರಿಯಾಗಿದೆಯೇ ಎಂದು ಒಂದು ಸಲ ಪರೀಕ್ಷೆ ಮಾಡಿ ನೋಡುವುದು ನಕ್ಷೆಗಾರನ ಧರ್ಮವೆಂದು ಕೊಟ್ಟೂರೇಶ್‌ಗೆ ಅನಿಸಿತು. ಕಲ್ಲಪ್ಪನ ಹಾಗೆ ಎಡಗೈ ಇಲ್ಲದಂತೆ ಎದೆಗೆ ಮಡಚಿಕೊಂಡು, ಬಲಗೈ ಊರಿ, ಮಂಡಿಯ ಮೇಲೆ ತೆವಳುತ್ತ ಇಳಿಜಾರು ಹತ್ತತೊಡಗಿದ. ಪಕ್ಕದಲ್ಲೇ ಕಲ್ಲಪ್ಪನೂ ಹತ್ತುತ್ತಿದ್ದ. ಒರಟು ಹಗ್ಗ ಹಿಡಿತ ಕೊಟ್ಟದ್ದರಿಂದ ಚಕ್ರವಿಲ್ಲದೆಯೂ ಅವನು ಈಗ ಹೆಚ್ಚು ವಾಲುತ್ತಿರಲಿಲ್ಲ. ಇಬ್ಬರೂ ಸಮತಟ್ಟಿನ ಜಾಗಕ್ಕೆ ಬರುವುದಕ್ಕೂ ಗೇಟಿನ ಮುಂದೆ ಬಿಳಿ ಮಾರುತಿ ವ್ಯಾನು ನಿಲ್ಲುವುದಕ್ಕೂ ಸರಿಹೋಯಿತು.

ಬಕ್ಕೇಶಪ್ಪ ಇಳಿದರು. ತಮ್ಮ ಮನೆಯ ಮುಂದಿನ ಕಬ್ಬಿಣದ ಕಟ್ಟೋಣವನ್ನೂ, ಅದರ ಮೇಲೆ ಒಂದು ಕೈ, ಎರಡು ಮಂಡಿ ಊರಿ ನಿಂತ ಬಾಡಿಗೆದಾರನನ್ನೂ, ಮೂರು ಕಾಲಲ್ಲಿ ನಿಂತ ಆಮೆಯನ್ನೂ ಒಂದೊಂದಾಗಿ ನೋಡಿದರು.

"ಏನ್ರಿ ಇದು?"

"ಇಳಿಜಾರು ಸಾವ್ಕಾರ್ರೇ. ಒಂದಕ್ಕೆ ಹನ್ನೆರಡು." ಎದ್ದು ನಿಲ್ಲಲು ಹೋಗಿ ಕಾಲು ನೋವಿಗೆ ಕೊಟ್ಟೂರೇಶ್ ಮತ್ತೆ ಕುಕ್ಕರಿಸಿದ. "ನೆಲಕ್ಕೆ ಇನ್ನ ಒಂದು ಗೀರೂ ಬೀಳಲ್ಲ. ಒಳಗೆ ಬಂದು ನೋಡ್ರಿ."

"ನಾನು ಹೇಳಿದ್ದೇನು? ಆಮೆ ಇರಬಾರ್ದು ಅಂತ. ನೀವು ಅದಕ್ಕೆ ಅರಮನಿ ಕಟ್ಟೀರಿ! ನಾಳೆನೇ ಮನಿ…"

ಮಾತು ಮುಗಿಯುವ ಮೊದಲು ಮಲ್ಲೇಶಪ್ಪನವರು ನಡುವೆ ನುಗ್ಗಿದರು. ಓನರಿಗೆ ಆಮೆಯ ಸುದ್ದಿ ಮುಟ್ಟಿಸಿದ ಅಪರಾಧ ಬೆಳಗ್ಗಿನಿಂದ ಅವರಿಗೆ ಅಂಟಿಕೊಂಡಿತ್ತು. ಅದನ್ನು ತೊಳೆದುಕೊಳ್ಳಲು ಇದೇ ಸಮಯವೆಂದು ಅವರಿಗೆ ಕಂಡಿತು.

"ಬಕ್ಕೇಶಪ್ಪಾರೇ, ದುಡುಕಬ್ಯಾಡ್ರಿ. ಶಿವನ ಗುಡಿಯಾಗೆ ಬಸವಣ್ಣನ ಹತ್ರ ಕಲ್ಲಾಗೆ ಆಮೆ ಕಡೆದಿರೋದು ನೋಡಿಲ್ಲೇನ್ರಿ ನೀವು? ಅದ್ರಾಗೂ ಇದು ಮೂರು ಕಾಲಿಂದು. ಈಶಾನ್ಯದಾಗೆ ಮೂರು ಕಾಲಿನ ಆಮೆ ಇತ್ತು ಅಂದ್ರೆ ಆ ಮನ್ಯಾಗೆ ಲಕ್ಷ್ಮಿ ಕಾಲು ಮುರ್ಕಂಡು ಬಿದ್ದಿರ್ತಾಳೆ. ಇದನ್ನ ಓಡಿಸಿದ್ರೆ ಆಕೀನೂ ಹಿಂದೆ ಹೋಗ್ತಾಳೆ."

ಇದು ಯಾವ ಗ್ರಂಥದಲ್ಲಿದೆ ಎಂದು ಬಕ್ಕೇಶಪ್ಪ ಕೇಳಲಿಲ್ಲ. ಲಕ್ಷ್ಮಿಯ ವಿಷಯದಲ್ಲಿ ಅವರು ಅನುಮಾನಪಡುವವರಲ್ಲ. "ಹೌದೇನ್ರಿ?" ಎಂದು ದನಿ ಇಳಿಸಿ ಕಲ್ಲಪ್ಪನನ್ನು ಹೊಸ ಕಣ್ಣಿನಿಂದ ನೋಡತೊಡಗಿದರು. ಕೊಟ್ಟೂರೇಶ್ ಮನಸ್ಸಿನಲ್ಲೇ ಮಲ್ಲೇಶಪ್ಪನವರ ಕಾಲಿಗೆ ಬಿದ್ದ.

ಅಷ್ಟರಲ್ಲಿ ವ್ಯಾನಿನೊಳಗಿಂದ ಒಂದು ದನಿ ಬಂತು. "ಬಕ್ಕೇಶಾ, ನನ್ನ ಇಳಿಸ್ತೀಯೋ, ಇಲ್ಲಾ ಇಲ್ಲೇ ಒಣಗಿಸ್ತೀಯೋ?"

ಬಕ್ಕೇಶಪ್ಪನವರ ತಾಯಿ ಕಸ್ತೂರಮ್ಮ. ಮೂರು ತಿಂಗಳ ಹಿಂದೆ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಹರಿಹರದಲ್ಲಿ ಅವರ ಸಂಸಾರವಿದ್ದದ್ದು ಅಂಗಡಿಯ ಮೇಲಿನ ಮನೆಯಲ್ಲಿ. ಅವತ್ತಿನಿಂದ ಅಜ್ಜಿಯನ್ನು ಹತ್ತಿಸುವುದಕ್ಕೂ ಇಳಿಸುವುದಕ್ಕೂ ಅಂಗಡಿಯ ಹಮಾಲರೇ ಆಗಬೇಕಾಗಿತ್ತು. ಇವತ್ತು ದಾವಣಗೆರೆಯ ಮೂಳೆ ಡಾಕ್ಟರು, ಕೋಲು ಹಿಡಿದು ನಡೆಯಬಹುದು, ಆದರೆ ಮೆಟ್ಟಿಲು ಮಾತ್ರ ಇನ್ನು ಮುಂದೆ ಕೂಡದು ಎಂದು ಹೇಳಿ ಕಳಿಸಿದ್ದರು.

"ಇಲ್ಲೇ ಕುಂತಿರವ್ವ. ಇಲ್ಲಿ ಎತ್ತೋರು ಯಾರೂ ಇಲ್ಲ" ಎಂದರು ಬಕ್ಕೇಶಪ್ಪ.

"ಎತ್ತಿಸ್ಕಂಡು ಎತ್ತಿಸ್ಕಂಡು ನಾನೂ ಸಿಮಿಟಿನ ಚೀಲನೇ ಆಗೀನಿ. ನೀರಡಿಕಿ ಆಗೇತೋ. ಕೋಲು ಕೊಡು ಇಲ್ಲಿ."

ಅಜ್ಜಿ ಮಗನ ಕೈ ಹಿಡಿದು ಇಳಿದು ಗೇಟಿಗೆ ಬಂದರು. ಇಳಿಜಾರನ್ನು ನೋಡಿದರು. ಮಗನ ಕೈ ಬಿಟ್ಟು ಕಟಾಂಜನ ಹಿಡಿದರು. ಅದು ಅವರ ಅಳತೆ ತೆಗೆದು ಮಾಡಿದಂತಿತ್ತು. ಒಂದು ಹೆಜ್ಜೆ, ಕೋಲು, ಇನ್ನೊಂದು ಹೆಜ್ಜೆ. ಹಗ್ಗದ ಮೇಲೆ ಕಾಲು ಜಾರಲಿಲ್ಲ. ಸಮತಟ್ಟಿನ ಜಾಗದಲ್ಲಿ ನಿಂತು ಉಸಿರು ತೆಗೆದುಕೊಂಡರು, ಅಲ್ಲಿದ್ದ ಕಲ್ಲಪ್ಪನನ್ನು ನೋಡಿ, "ನಿನಗೂ ಕಾಲಿಲ್ಲೇನೋ ಮಗನೇ? ನಡಿ, ಇಬ್ರೂ ಹೋಗಾಣ" ಎಂದರು. ಇಬ್ಬರೂ ಮೇಲಿನ ಒಂಬತ್ತು ಅಡಿ ಜೊತೆಯಾಗಿ ಹತ್ತಿದರು. ಹೊಸ್ತಿಲಿನ ಓರೆ ಹಲಗೆಯನ್ನೂ ದಾಟಿ, ನಡುಮನೆಯ ಚಾಪೆಯ ಮೇಲೆ ನಡೆದು, ಕುರ್ಚಿಯಲ್ಲಿ ಕುಳಿತ ಮೇಲೆ ಕಸ್ತೂರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮೂರು ತಿಂಗ್ಳಾತು. ಇವತ್ತು ನನ್ನ ಕಾಲ ಮ್ಯಾಲೆ ನಾನು ಒಂದು ಮನಿ ಒಳಗೆ ಬಂದೆ."

ಬಕ್ಕೇಶಪ್ಪ ಗೋಡೆಯ ಕಡೆ ತಿರುಗಿ ಮೂಗು ಸೀಟಿದರು. ಕೊಟ್ಟೂರೇಶನ ಕಣ್ಣು ತುಂಬಿತು. ಹದಿನೈದು ವರ್ಷ ಸಾವಿರ ಹಾಳೆ ಎಳೆದಿದ್ದ. ತಾನು ಎಳೆದ ಗೆರೆಯ ಮೇಲೆ ಒಂದು ಜೀವ ನಡೆದು ಹೋದದ್ದನ್ನು ಅವನು ಕಣ್ಣಾರೆ ಕಂಡದ್ದು ಅದೇ ಮೊದಲು. ಕಾಲುನೋವು, ಚರಂಡಿ, ಅರ್ಧ ಗಡ್ಡ ಎಲ್ಲಾ ಮರೆತೇಹೋಯಿತು.

ಮೀನಾಕ್ಷಿ ನೀರು, ಬೆಲ್ಲ ಕೊಟ್ಟು ಚಹಾ ಮಾಡಲು ಹೋದಳು. ಬಕ್ಕೇಶಪ್ಪ ಕೊಟ್ಟೂರೇಶನ ಎರಡೂ ಕೈ ಹಿಡಿದುಕೊಂಡರು.

"ತಪ್ಪು ತಿಳ್ಕೋಬ್ಯಾಡ್ರಿ. ಬೆಳಿಗ್ಗೆ ಏನೇನೋ ಅಂದೆ. ಆಮೆ ಇರ್ಲಿ. ಇದ್ದೇ ಇರ್ಲಿ."

"ದೊಡ್ಡ ಮನಸ್ಸು ಸಾವ್ಕಾರ್ರೇ."

"ಅವ್ವ ಇಲ್ಲೇ ಇರ್ತೀನಿ ಅಂತಾಳೆ."

"ಇರ್ಲಿ ಬಿಡ್ರಿ!" ಕೊಟ್ಟೂರೇಶನ ಎದೆ ಆ ಕ್ಷಣಕ್ಕೆ ತುಂಗಭದ್ರೆಯಷ್ಟು ಅಗಲವಾಗಿತ್ತು. "ನಮ್ಮ ತಾಯಿ ಇದ್ದಂಗೆ. ಎಷ್ಟು ದಿನ ಬೇಕಾದ್ರೂ ಇರ್ಲಿ."

"ನೀವು ಹಿಂಗೇ ಅಂತೀರಿ ಅಂತ ನನಗೆ ಗೊತ್ತಿತ್ತು" ಎಂದರು ಬಕ್ಕೇಶಪ್ಪ, ಕೈ ಇನ್ನಷ್ಟು ಬಿಗಿಯಾಗಿ ಅದುಮಿ. "ಹಂಗಾದ್ರೆ ಒಂದನೇ ತಾರೀಖಿಗೆ ಖಾಲಿ ಮಾಡಿಕೊಡ್ರಿ. ಅಂಗಡಿಗೆ ನಾನು ಇಲ್ಲಿಂದಾನೇ ದಿನಾ ಹೋಗಿ ಬರ್ತೀನಿ. ನಾವೆಲ್ಲ ಇಲ್ಲಿಗೇ ಬಂದುಬಿಡ್ತೀವಿ."

ಅಡುಗೆಮನೆಯಲ್ಲಿ ಒಂದು ಲೋಟ ಬಿದ್ದ ಸದ್ದಾಯಿತು.

ಕೊಟ್ಟೂರೇಶ್ ಮೆಲ್ಲಗೆ ಕೈ ಬಿಡಿಸಿಕೊಂಡ. "ಸಾವ್ಕಾರ್ರೇ, ಬೇಕಾದ್ರೆ ಹರಿಹರದಾಗೇ ನಿಮ್ಮ ಮನಿಗೆ ಹಿಂಗೇ ಒಂದು ಇಳಿಜಾರು ಹಾಕಿ ಕೊಡ್ತೀನಿ. ನಕ್ಷೆ ನಾನೇ ತೆಗೀತೀನಿ."

"ಇಪ್ಪತ್ನಾಕು ಮೆಟ್ಲು ಅದಾವೆ."

ಕೊಟ್ಟೂರೇಶ್ ಲೆಕ್ಕ ಹಾಕಿದ. ಮೆಟ್ಟಿಲಿಗೆ ಅರ್ಧ ಅಡಿ, ಒಟ್ಟು ಹನ್ನೆರಡು ಅಡಿ. ಒಂದಕ್ಕೆ ಹನ್ನೆರಡರಂತೆ ನೂರಾ ನಲವತ್ನಾಲ್ಕು ಅಡಿ ಉದ್ದ.

"ಬಸ್ ಸ್ಟ್ಯಾಂಡಿಗೆ ಹೋಗಿ ಇಳೀತದೆ ಬಿಡ್ರಿ ಅದು" ಎಂದ ದುರುಗಣ್ಣ. ಅವನ ಬಾಯಿ ಮುಚ್ಚಿಸುವವರು ಯಾರೂ ಇರಲಿಲ್ಲ.

"ಆಗ್ಲಿ, ಖಾಲಿ ಮಾಡ್ತೀವಿ" ಎಂದ ಕೊಟ್ಟೂರೇಶ್. "ಕಲ್ಲಪ್ಪನ್ನ ಕರ್ಕಂಡು ಬೇರೆ ಎಲ್ಲಾದ್ರೂ…"

"ಆಮೇನಾ? ಅದು ಹೆಂಗೆ ಆಗ್ತದೆ?" ಬಕ್ಕೇಶಪ್ಪನವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಅದು ಮನಿ ಬಿಟ್ಟು ಹೋದ್ರೆ ಲಕ್ಷ್ಮೀನೂ ಹೋಗ್ತಾಳೆ ಅಂತ ಮೇಷ್ಟ್ರು ಈಗಿನ್ನ ಹೇಳ್ಯಾರಲ್ಲ. ಅವ್ವಗೂ ಜೊತಿ ಆತು. ಅದು ಎಲ್ಲಿಗೂ ಹೋಗಂಗಿಲ್ಲ."

ಎಲ್ಲರೂ ಮಲ್ಲೇಶಪ್ಪನವರ ಕಡೆ ನೋಡಿದರು. ಅವರು ತಮ್ಮ ಮನೆಯಲ್ಲಿ ಫೋನು ಬಡಿಯುತ್ತಿದೆ ಎಂದು ಹೇಳಿ ಹೊರಟುಹೋದರು. ಫೋನು ಬಡಿದದ್ದು ಬೇರೆ ಯಾರಿಗೂ ಕೇಳಿಸಿರಲಿಲ್ಲ. ನಡುಮನೆಯಲ್ಲಿ ಕಸ್ತೂರಮ್ಮ ಸೌತೆಕಾಯಿಯ ಹೋಳು ಹಿಡಿದು ಬಗ್ಗಿದ್ದರು. ಕಲ್ಲಪ್ಪ ಕತ್ತು ಚಾಚಿಕೊಂಡು, ಹೆಚ್ಚು ವಾಲದೆ, ನೆಟ್ಟಗೆ ಅವರ ಕಡೆಗೇ ನಡೆಯುತ್ತಿದ್ದ. ಕೊಟ್ಟೂರೇಶ್‌ಗೆ ಸಂತೋಷವೂ ಆಯಿತು, ಅಳುವೂ ಬಂತು.

ತಾಯಿಯನ್ನು ಕೂರಿಸಿ ತಾವೂ ವ್ಯಾನು ಹತ್ತುವಾಗ ಬಕ್ಕೇಶಪ್ಪನವರಿಗೆ ಬಾಡಿಗೆದಾರನ ಮುಖ ನೋಡಿ ಕರುಣೆ ಉಕ್ಕಿತು. ಅವ್ವನನ್ನು ಮಗನಂತೆ ನೋಡಿದ ಮನುಷ್ಯನನ್ನು ಬೀದಿಗೆ ಬಿಡಲು ಅವರೇನು ಕಟುಕರಲ್ಲ.

"ಮನಿ ಹುಡುಕೋಕೆ ತಿರುಗಬ್ಯಾಡ್ರಿ ಕೊಟ್ಟೂರೇಶಪ್ಪ. ಹರಿಹರದಾಗೆ ಅಂಗಡಿ ಮ್ಯಾಲಿನ ನಮ್ಮ ಮನಿ ಖಾಲಿ ಆಗ್ತದಲ್ಲ, ಅದೇ ನಿಮಗೆ. ಬಾಡಿಗಿ ಇದೇ ಇರ್ಲಿ. ಆಫೀಸಿಗೆ ಬಸ್ಸಿನಾಗೆ ಬಂದು ಹೋದ್ರಾತು."

ಕೊಟ್ಟೂರೇಶ್ ಊದಿಕೊಂಡ ತನ್ನ ಎಡಗಾಲನ್ನು ನೋಡಿಕೊಂಡ. ಮನಸ್ಸು ತಾನಾಗಿಯೇ ಇಪ್ಪತ್ನಾಲ್ಕು ಮೆಟ್ಟಿಲು ಎಣಿಸತೊಡಗಿತು. ಹನ್ನೊಂದನೇ ಮೆಟ್ಟಿಲಿಗೆ ಬಂದಿದ್ದಾಗ ವ್ಯಾನು ಸ್ವಲ್ಪ ಮುಂದೆ ಹೋದದ್ದು ಗಕ್ಕನೆ ನಿಂತಿತು. ಬಕ್ಕೇಶಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಒಂದು ಮಾತು ಮೊದ್ಲೇ ಹೇಳಿಬಿಡ್ತೀನಿ. ಅಲ್ಲಿ ನೆಲಕ್ಕೆ ಹೊಸದಾಗಿ ಪಾಲಿಶ್ ಹಾಕ್ಸೀನಿ. ಆ ಮನ್ಯಾಗೆ ಪ್ರಾಣಿ ಗೀಣಿ ಏನೂ ಸಾಕಂಗಿಲ್ಲ, ಆತಾ?"